ಮೂರು ಕಲ್ಲಿನ ಮನುಷ್ಯ

“ಈ ಹೊಟ್ಟೆ ಬಾಲರಾಜು ಅವರದ್ದಲ್ಲ,” ಎಂದಳು ಡಾಕ್ಟರ್ ಮಹೀನ್.

ಕಾವೇರಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿ ಮೂಗಿಗೇರಿಸಿಕೊಂಡು ಕಂಪ್ಯೂಟರ್ ಪರದೆಯತ್ತ ಬಾಗಿದಳು. ಬೂದು ಬಣ್ಣದ ಒಂದು ಗುಡ್ಡ, ಅದರ ಮಗ್ಗುಲಿಗೆ ಇನ್ನೊಂದು ಗುಡ್ಡ. ಮಂಜು ಕವಿದ ಬೆಳಗಿನಲ್ಲಿ ರಾಮನಗರದ ಬೆಟ್ಟಗಳನ್ನು ಕಂಡ ಹಾಗಿತ್ತು.

“ಮತ್ತೆ ಯಾರ್ದವ್ವ ಇದು?”

“ಅದು ಗೊತ್ತಾಗಲಿ ಅಂತಲೇ ನಿಮ್ಮನ್ನ ಕರೆಸಿದ್ದು.”

ಹಾರೋಹಳ್ಳಿ ರಸ್ತೆಯ ಆ ಸಂಶೋಧನಾ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಕಾವೇರಮ್ಮ ಸೆರಗು ಹೊದ್ದುಕೊಂಡಳು. ಚನ್ನಪಟ್ಟಣದ ಬಸ್ ನಿಲ್ದಾಣದ ಎದುರು, ಮಹಡಿಯ ಮೇಲೆ ಅವಳ ಪತ್ತೇದಾರಿ ಕಚೇರಿ. ಕೆಲಸವೆಲ್ಲ ಮದುವೆ ಗಂಡುಗಳದ್ದೇ. ಗಂಡು ಕುಡಿಯುತ್ತಾನೆಯೇ, ತಲೆಗೂದಲು ಸ್ವಂತದ್ದೇ, ಮಾಗಡಿಯಲ್ಲಿ ಮೊದಲನೆಯವಳೊಬ್ಬಳು ಇದ್ದಾಳೆಯೇ? ಹೆಣ್ಣಿನ ಕಡೆಯವರು ಒಂದು ಮಾತು ಹೇಳಿದರೆ ಸಾಕು, ಎಳೆ ಹಿಡಿದು ಗೂಡನ್ನೇ ಬಿಚ್ಚಿಬಿಡುತ್ತಿದ್ದಳು. ಆದರೆ ಇಷ್ಟು ವರ್ಷ ಅವಳು ಬೆನ್ನು ಹತ್ತಿದ ಗಂಡಸರಿಗೆಲ್ಲ ಒಂದೊಂದು ಮುಖವಿತ್ತು. ಮುಖವನ್ನು ಬಿಟ್ಟು ಬರೀ ಲಿವರ್ ತೋರಿಸಿ “ಇವನನ್ನು ಹಿಡಿದು ಕೊಡಿ” ಎಂದವರು ಇವರೇ ಮೊದಲು.

“ಒಸಿ ಬುಡಿಸಿ ಹೇಳಿ,” ಎಂದಳು.

ಮಹೀನ್ ಮೂರು ಚಿತ್ರಗಳನ್ನು ಪಕ್ಕಪಕ್ಕಕ್ಕೆ ತಂದಳು.

“ಹೊಂಗನೂರಿನ ಬಾಲರಾಜು ಅವರಿಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಮೈಯಲ್ಲಿ ಇನ್ಸುಲಿನ್ ಹುಟ್ಟೋದೇ ಇಲ್ಲ. ಸಕ್ಕರೆ ಸದ್ದಿಲ್ಲದೆ ಇಳಿದು, ನಿಂತಲ್ಲೇ ಬೀಳ್ತಿದ್ರು. ಅದಕ್ಕೇ, ತೀರಿಹೋದ ದಾನಿಯೊಬ್ಬರಿಂದ ಇನ್ಸುಲಿನ್ ಮಾಡುವ ಜೀವಕೋಶಗಳನ್ನ ತೆಗೆದು ಇವರ ಲಿವರ್‌ಗೆ ಸೇರಿಸಿದ್ವಿ. ಒಳಗೆ ಹೋದಮೇಲೆ ಅವು ಇದ್ದಾವೋ ಇಲ್ಲವೋ ಅಂತ ಕಣ್ಣಾರೆ ಕಾಣಬೇಕಲ್ಲ? ಅದಕ್ಕೆ ಕಬ್ಬಿಣದ ಅತಿ ಸಣ್ಣ ಪುಡಿ ಸವರಿ ಬಿಟ್ಟಿದ್ದೀವಿ. ಎಂಆರ್‌ಐ ಸ್ಕ್ಯಾನ್ ಮಾಡಿದರೆ ಕಪ್ಪು ಚುಕ್ಕೆಗಳ ಹಾಗೆ ಕಾಣ್ತವೆ.”

“ಕುರಿಗೆ ಬಣ್ಣ ಬಳಿದು ಮಂದೆಗೆ ಬುಟ್ಟಂಗೆ.”

“ಹಾಗೇ ಅಂದ್ಕೊಳ್ಳಿ.”

ಮೊದಲ ಚಿತ್ರದಲ್ಲಿ ಚುಕ್ಕೆಗಳು ಒಗ್ಗರಣೆಯ ಸಾಸಿವೆ ಸಿಡಿದಂತೆ ಹರಡಿದ್ದವು. ಎರಡನೆಯದರಲ್ಲಿ ತುಸು ಕಡಿಮೆ, ಅಷ್ಟು ಸಹಜವಂತೆ. ಹೋದ ವಾರ ತೆಗೆದ ಮೂರನೆಯದರಲ್ಲಿ ಗುಡಿಸಿಟ್ಟ ಅಂಗಳದ ಹಾಗೆ ಎಲ್ಲ ಚೊಕ್ಕ.

“ಇಲ್ಲೇ ಅವೆಯಲ್ಲ!” ಕಾವೇರಮ್ಮ ಪರದೆಗೆ ಬೆರಳು ಚುಚ್ಚಿದಳು. “ಎಲ್ಲಾ ಒಂದಾಗಿ ಮೂರು ಗುಂಡಾಗವೆ ನೋಡಿ.”

“ಅದು ಲಿವರ್ ಅಲ್ಲ, ಅದರ ಕೆಳಗಿರೋ ಪಿತ್ತಕೋಶ. ಆ ಮೂರೂ ಕಲ್ಲುಗಳು,” ಮಹೀನ್ ನಗು ತಡೆದುಕೊಂಡಳು. “ಎರಡನೇ ಸ್ಕ್ಯಾನಿನಲ್ಲಿ ಒಂದೂ ಇರಲಿಲ್ಲ. ಗೋಲಿಯಷ್ಟು ದೊಡ್ಡ ಕಲ್ಲುಗಳು ಇಷ್ಟು ಬೇಗ ಬೆಳೆಯಲ್ಲ. ಇನ್ನೂ ಒಂದು ವಿಷಯ. ಹೊಸ ಕೋಶಗಳನ್ನ ದೇಹ ಕೊಲ್ಲದ ಹಾಗೆ ಬಾಲರಾಜು ದಿನಾ ಮಾತ್ರೆ ನುಂಗಬೇಕು. ಅವತ್ತು ತೆಗೆದ ರಕ್ತದಲ್ಲಿ ಆ ಮಾತ್ರೆಯ ಸುಳಿವೇ ಇಲ್ಲ.”

“ಅಂದ್ರೆ ಯಾರೋ ಬಂದು ಇವ್ನ ಹೆಸರಲ್ಲಿ ಮಲಗಿ ಎದ್ದೋಗವ್ನೆ.”

“ಹೌದು. ಆ ಮಾತ್ರೆ ತಗೊಳ್ಳೋರಿಗೆ ಸೋಂಕು ಬೇಗ ತಗುಲುತ್ತೆ, ಅದಕ್ಕೆ ಮಾಸ್ಕ್ ಹಾಕ್ಕೊಂಡೇ ಬರ್ತಾರೆ. ಅವತ್ತು ನಾನು ಊರಲ್ಲಿರಲಿಲ್ಲ. ಯಂತ್ರ ನಡೆಸೋರಿಗೆ ಮಾಸ್ಕಿನ ಮೇಲಿನ ಎರಡು ಕಣ್ಣು ಬಿಟ್ಟು ಇನ್ನೇನೂ ಕಂಡಿಲ್ಲ.”

“ಬಾಲರಾಜುನೇ ಕೇಳಬೌದಿತ್ತು.”

“ಫೋನ್ ಮಾಡಿದಾಗೆಲ್ಲ ಹೆಂಡತಿ ಜಯಶೀಲ ಎತ್ತುತ್ತಾರೆ. ‘ಜ್ವರ ಎದ್ದೈತೆ, ಈಗ ಬರಕಾಗಲ್ಲ’ ಅಂದ್ರು. ನನಗೆ ಎದೆ ಧಸಕ್ ಅಂತು. ಅರ್ಧ ಗಂಟೆ ಯಾವ ಔಷಧಿ ಕೊಡಬೇಕು ಅಂತ ಹೇಳಿದೆ. ಕೊನೆಗೆ ನೋಡಿದರೆ ಜ್ವರ ರೇಷ್ಮೆಹುಳಕ್ಕಂತೆ!”

ಕಾವೇರಮ್ಮ ಗಹಗಹಿಸಿ ನಕ್ಕಳು. ಹುಳು ಪೊರೆ ಬಿಡುವುದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆಂದು ಪಾಪ, ಡಾಕ್ಟರಿಗೆ ಯಾರು ಹೇಳಬೇಕು?

ಮಹೀನ್ ಮಾತ್ರ ನಗಲಿಲ್ಲ. “ಸೋಮವಾರ ತಜ್ಞರ ಸಮಿತಿ ಕೂಡುತ್ತೆ. ಈ ಖಾಲಿ ಚಿತ್ರ ನೋಡಿದರೆ ಕೋಶಗಳು ಸತ್ತವು ಅಂತ ಮಾತ್ರೆ ನಿಲ್ಲಿಸ್ತಾರೆ. ಮಾತ್ರೆ ನಿಂತರೆ, ಬದುಕಿರೋ ಕೋಶಗಳೂ ಸಾಯ್ತವೆ. ಅವರು ಮತ್ತೆ ಎಲ್ಲೋ ದಾರಿಯಲ್ಲಿ ಬಿದ್ದಿರ್ತಾರೆ. ಇದು ಬೇರೆಯವರ ಹೊಟ್ಟೆ ಅಂತ ನಾನೇ ಹೇಳಿದರೆ ಸಂಶೋಧನೆಗೇ ಬೀಗ. ಸೋಮವಾರದೊಳಗೆ ನಿಜವಾದ ಬಾಲರಾಜು ಈ ಯಂತ್ರದೊಳಗೆ ಮಲಗಬೇಕು.”

“ಮಲಗಿಸ್ತೀನಿ. ಒಂದೇ ಒಂದು ಹೇಳಿ. ಆ ಕಲ್ಲಿರೋ ಮನ್ಸನಿಗೆ ಹೊರಗಿಂದ ಏನು ಗುರುತು?”

“ಕೆಲವರಿಗೆ ಏನೂ ಆಗಲ್ಲ. ಕೆಲವರಿಗೆ ಜಿಡ್ಡು, ಮಾಂಸ ತಿಂದರೆ ಬಲ ಪಕ್ಕೆಯ ಕೆಳಗೆ ಹಿಡಿದುಕೊಳ್ಳುತ್ತೆ.”

ಕಾವೇರಮ್ಮನ ಮುಖ ಅರಳಿತು. ಬಾಡೂಟದ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಗುರುತು ಬೇರೊಂದಿಲ್ಲ.

* * *

ಫಕ್ರುದ್ದೀನನ ವ್ಯಾನು ಕನಕಪುರ ದಾಟಿ ಹೊಂಗನೂರಿನ ಕಡೆ ಹೊರಟಿತು. ಹಿಂದೆ ಅದೇ ವ್ಯಾನಿನಲ್ಲಿ ಚನ್ನಪಟ್ಟಣದ ಮರದ ಗೊಂಬೆ ಸಾಗಿಸುತ್ತಿದ್ದ ಅವನು, ಈಗ ಕಾವೇರಮ್ಮನ ಸಾರಥಿ. ಸೀಟಿನಡಿ ಎಲ್ಲೋ ಸಿಕ್ಕಿಬಿದ್ದ ಗಿಲಕಿಯೊಂದು ಪ್ರತಿ ಗುಂಡಿಗೂ ಗಲಗಲ ಎನ್ನುತ್ತಿತ್ತು. ಗುಟ್ಟಾಗಿ ಯಾರನ್ನಾದರೂ ಹಿಂಬಾಲಿಸಬೇಕೆಂದರೆ ಇವರು ಬಸ್ಸಿಗೆ ಹೋಗಬೇಕಿತ್ತು.

“ಹೊಟ್ಟೆ ಹುಡ್ಕೋದು ಹೆಂಗಕ್ಕಾ? ತಾಲ್ಲೂಕಿನ ತುಂಬ ಹೊಟ್ಟೆನೇ,” ಎಂದ ಫಕ್ರುದ್ದೀನ್.

“ತಾಲ್ಲೂಕೆಲ್ಲ ಯಾಕೆ? ಬಟ್ಟೆ ಎರವಲು ಕೊಡೋರು ಊರ ತುಂಬ ಸಿಕ್ತಾರೆ. ಹೊಟ್ಟೆ ಎರವಲು ಕೊಡೋನು ಪ್ರಾಣಸ್ನೇಹಿತ, ಇಲ್ದಿದ್ರೆ ಒಡಹುಟ್ಟಿದೋನು.”

ಅವಳ ಕಣ್ಣು ಫಕ್ರುದ್ದೀನನ ಪಕ್ಕದಲ್ಲಿದ್ದ ಸ್ಟೀಲ್ ಡಬ್ಬಿಯ ಮೇಲೆ ಬಿತ್ತು.

“ಏನೈತೆ ಅದ್ರಾಗೆ?”

“ಖೀಮಾ ಸಮೋಸ. ನಮ್ಮನೇವ್ಳು ಜಹೀದಾ ಕಟ್ಕೊಟ್ಟಿದ್ದು. ನನ್ನ ಊಟ, ಅಕ್ಕಾ!”

“ಇನ್ಮೇಲೆ ಅದು ತನಿಖೆಗೆ ಬೇಕಾದ ಸಾಮಾನು,” ಎಂದು ಕಾವೇರಮ್ಮ ಡಬ್ಬಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಫಕ್ರುದ್ದೀನ್ ಮಗಳನ್ನು ಗಂಡನ ಮನೆಗೆ ಕಳಿಸಿಕೊಟ್ಟ ತಂದೆಯಂತೆ ಅದನ್ನೇ ನೋಡುತ್ತ ಗೇರು ಬದಲಿಸಿದ.

ಹೊಂಗನೂರಿನಲ್ಲಿ ಅವರು ಮೊದಲು ಇಳಿದದ್ದು ರಾಮಲಿಂಗಯ್ಯನ ಟೀ ಅಂಗಡಿಯ ಮುಂದೆ. ಕಾವೇರಮ್ಮ ಬೆಂಚಿನ ಮೇಲೆ ಕೂತು, ಊರಿಗೆಲ್ಲ ಕೇಳುವಷ್ಟು ದೊಡ್ಡದಾಗಿ ನಿಟ್ಟುಸಿರು ಬಿಟ್ಟಳು.

“ಒಳ್ಳೇ ಹೆಣ್ಣೊಂದೈತೆ ಕಣಣ್ಣ. ಗಂಡಿಗೆ ನಲವತ್ತಾದ್ರೂ ಸೈ ಅಂತಾರೆ. ಹೊಟ್ಟೆ ಮಾತ್ರ ಗಟ್ಟಿ ಇರ್ಬೇಕಂತೆ. ಹಿಂದಿನ ಸಂಬಂಧದ ಗಂಡು ಬೀಗರೂಟದಲ್ಲಿ ಎರಡು ತುಂಡು ತಿಂದು ಪಕ್ಕೆ ಹಿಡ್ಕಂಡು ಎದ್ದೋದ್ನಂತೆ.”

ರಾಮಲಿಂಗಯ್ಯನಿಗೆ ಇಂಥ ಸಮಾಚಾರ ಟೀ ಸೊಪ್ಪಿಗಿಂತ ಮುಖ್ಯ. ಒಲೆ ಸಣ್ಣ ಮಾಡಿ ಹತ್ತಿರ ಬಂದ.

“ನಮ್ಮೂರಲ್ಲಿ ಹೊಟ್ಟೆಗೇನು ಬರ! ಬಾಲರಾಜು ತಮ್ಮ ಅನಂತರಾಜು ಮೂಳೇನೂ ಬುಡಲ್ಲ.”

ಒಡಹುಟ್ಟಿದವನ ಹೆಸರು ಕಾವೇರಮ್ಮನ ಮನಸ್ಸಿನಿಂದ ಅಳಿಯಿತು. “ಬಾಲರಾಜುಗೆ ಸ್ನೇಹಿತರು ಯಾರೂ ಇಲ್ವಾ, ಮದ್ವೆಯಾಗ್ದೋರು?”

“ಬೀರಯ್ಯ ಅವ್ನೆ. ಕುರಿ ಸಾಕ್ತಾನೆ. ಇಬ್ರೂ ಒಂದೇ ಎತ್ತರ, ಒಂದೇ ಮೈಕಟ್ಟು, ಹಿಂದಿನಿಂದ ನೋಡಿದ್ರೆ ನಮಗೇ ಅದಲು ಬದಲಾಗ್ತದೆ. ಆದ್ರೆ...” ರಾಮಲಿಂಗಯ್ಯ ದನಿ ತಗ್ಗಿಸಿದ. “ಯುಗಾದಿಯಿಂದ ಬಾಡು ಮುಟ್ಟಿಲ್ಲ ಕಣಮ್ಮ. ಹರಕೆ ಅಂತಾನೆ. ಮನೆ ತುಂಬ ಕುರಿ ಇಟ್ಕಂಡು ಬೇಳೆ ಸಾರು ಉಣ್ಣೋನ ನಾನಂತೂ ಕಾಣೆ.”

ಫಕ್ರುದ್ದೀನ್ ಕಾವೇರಮ್ಮನನ್ನು ನೋಡಿದ. ಕಾವೇರಮ್ಮ ಏನೂ ಕೇಳಿಸದವಳಂತೆ ಟೀ ಊದಿಕೊಂಡು ಕುಡಿದಳು. ಲೋಟ ಕೆಳಗಿಟ್ಟು ವ್ಯಾನಿನ ಕಡೆ ಹೊರಟಳು.

* * *

ವ್ಯಾನಿಗಿಂತ ಸುದ್ದಿ ವೇಗವಾಗಿ ಓಡಿತ್ತು. ಬಾಲರಾಜುವಿನ ಮನೆಯ ಜಗಲಿಯ ಮೇಲೆ ಬೀರಯ್ಯ ಇಸ್ತ್ರಿ ಅಂಗಿ ತೊಟ್ಟು, ಕುತ್ತಿಗೆಯವರೆಗೆ ಪೌಡರ್ ಬಳಿದುಕೊಂಡು, ಫೋಟೋಗೆ ಕೂತವನಂತೆ ಕೂತಿದ್ದ. ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ. ಗೆಳೆಯನ ಹುಳುಗಳಿಗೆ ಸೊಪ್ಪು ಕೊಯ್ಯಲು ಬಂದಿದ್ದವನು ಯಾವಾಗ ಅಂಗಿ ತರಿಸಿಕೊಂಡನೋ ದೇವರೇ ಬಲ್ಲ.

ಬಾಲರಾಜು ಹುಳುಮನೆಯ ಬಾಗಿಲಿಂದ ಹೊರಬಂದ. ಗಟ್ಟಿ ಆಳು, ಕೈತುಂಬ ಸೊಪ್ಪಿನ ಹಸಿರು. ಅವನ ಹಿಂದೆಯೇ ಬಂದ ಜಯಶೀಲ ಬಾಗಿಲನ್ನು ಎಳೆದು ಮುಚ್ಚಿದಳು.

“ಒಳಗೆ ಬರಬ್ಯಾಡಿ. ಹುಳ ನಾಲ್ಕನೇ ಜ್ವರ ಎದ್ದವೆ. ಹೊರಗಿನೋರ ಗಾಳಿ ಆಗಲ್ಲ. ಏನಿದ್ರೂ ಜಗಲಿ ಮೇಲೇ ಹೇಳಿ.”

“ನಾನು ಬಂದಿರೋದು ಬೀರಯ್ಯನ ನೋಡಕೆ,” ಎಂದಳು ಕಾವೇರಮ್ಮ ಮೃದುವಾಗಿ.

ಬೀರಯ್ಯ ನಾಚಿದ. “ಹುಡುಗಿ ಯಾವೂರು?”

“ಅವಸರ ಬ್ಯಾಡ. ಮೊದ್ಲು ಬಾಯಿ ಸಿಹಿ ಮಾಡ್ಕಂಡು... ಅಲ್ಲ, ಖಾರ ಮಾಡ್ಕಂಡು ಮಾತಾಡಣ.” ಅವಳು ಡಬ್ಬಿಯ ಮುಚ್ಚಳ ತೆರೆದಳು. ಎಣ್ಣೆಯಲ್ಲಿ ಮಿಂದ ಸಮೋಸಗಳ ಘಮ ಜಗಲಿಯನ್ನು ತುಂಬಿತು. ಫಕ್ರುದ್ದೀನ್ ಉಗುಳು ನುಂಗಿದ.

ಬೀರಯ್ಯನ ಪೌಡರ್ ಮುಖದ ಮೇಲೆ ಬೆವರಿನ ಗೆರೆಯೊಂದು ಇಳಿಯಿತು.

“ನಂದು ಹರಕೆ ಅದೆ.”

“ಯಾವ ದೇವ್ರು?”

“ದೇವ್ರು... ಎಲ್ಲಾ ದೇವ್ರೂ.”

“ಹೆಣ್ಣಿನ ಕಡೆಯೋರು ಬಾಡು ಉಣ್ಣದ ಗಂಡನ್ನ ಒಪ್ಪಲ್ಲ ಕಣಪ್ಪ. ಬರೀ ಒಂದು. ನಾನು ಕಣ್ಣಾರೆ ಕಂಡೆ ಅಂತ ಹೇಳ್ಬೇಕಲ್ಲ?”

ಬೀರಯ್ಯ ಸಮೋಸವನ್ನು ನೋಡಿದ. ನಲವತ್ತು ವರ್ಷದ ಒಂಟಿತನವನ್ನು ನೆನೆದ. ಕಣ್ಣು ಮುಚ್ಚಿ ಅರ್ಧ ಕಚ್ಚಿ ನುಂಗಿದ. ಆಮೇಲೆ, ರುಚಿ ಹತ್ತಿತೋ ಏನೋ, ಉಳಿದರ್ಧವನ್ನೂ ಬಾಯಿಗಿಟ್ಟ.

“ಸಾಕು!” ಕಾವೇರಮ್ಮ ಡಬ್ಬಿ ಹಿಂದಕ್ಕೆಳೆದಳು. ಕೊಲೆಪಾತಕ ಅವಳಿಗೆ ಬೇಕಿರಲಿಲ್ಲ.

ಎಲ್ಲರೂ ಕಾದರು. ಹುಳುಮನೆಯೊಳಗಿಂದ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತಿತ್ತು. ಬಾಲರಾಜು ಕಾಲು ಬದಲಿಸಿ ನಿಂತ. ಅಷ್ಟರಲ್ಲಿ ಬೀರಯ್ಯನ ಬಲಗೈ, ಯಾರೋ ಕರೆದಂತೆ, ತಾನಾಗಿಯೇ ಪಕ್ಕೆಯ ಕಡೆ ಹೊರಟಿತು.

“ಅಲ್ಲೇ ನೋವು, ಅಲ್ವಾ?”

“ಏ, ಏನಿಲ್ಲ. ಒಸಿ ಗಾಳಿ.”

“ಗಾಳಿ ಅಲ್ಲ ಬೀರಯ್ಯ, ಕಲ್ಲು. ನಿನ್ನ ಹೊಟ್ಟೇಲಿ ಗೋಲಿಯಷ್ಟು ದೊಡ್ಡ ಕಲ್ಲು ಮೂರವೆ. ನಾನು ಫೋಟೋದಲ್ಲಿ ನೋಡಿದ್ದೀನಿ.”

ಬೀರಯ್ಯ ಧಡಕ್ಕನೆ ಎದ್ದು ನಿಂತ.

“ಮೂರಾ? ರಾಮನಗರದ ಬೆಟ್ಟ ಎತ್ತಿಟ್ಟಂಗೆ ಮೂರು ಕಲ್ಲಾ? ಅಷ್ಟೊತ್ತು ಮಲಗಿಸ್ಕಂಡಿದ್ರಲ್ಲ, ಆ ಮಿಷನ್‌ನೋರು ನಂಗೊಂದು ಮಾತು ಹೇಳಬಾರ್ದಾ?”

ಜಯಶೀಲ ಹಣೆ ಚಚ್ಚಿಕೊಂಡಳು.

“ಯಾವ ಮಿಷನ್‌ನೋರು, ಬೀರಯ್ಯ?” ಕಾವೇರಮ್ಮ ಬೆಣ್ಣೆಯಂತೆ ಕೇಳಿದಳು.

ಬೀರಯ್ಯ ಬಾಲರಾಜುವಿನ ಕಡೆ ತಿರುಗಿದ. ಬಾಲರಾಜು ಸೊಪ್ಪಿನ ಹೊರೆಯಲ್ಲಿ ಏನೋ ಕಳೆದುಕೊಂಡವನಂತೆ ಹುಡುಕತೊಡಗಿದ್ದ.

“ಬಾಯಿಬುಟ್ಟೆ ಕಣ್ಲಾ ಬಾಲ,” ಎಂದು ಬೀರಯ್ಯ ಧೊಪ್ಪನೆ ಕೂತ. “ಇನ್ನೇನು ಮುಚ್ಚಿಡೋದು? ಹೂ ಕಣವ್ವ, ನಾನೇ ಹೋಗಿದ್ದು. ‘ಆ ಸುರಂಗ ಕಂಡ್ರೆ ನಂಗೆ ಭಯ, ನೀನು ಹೋಗಿ ಮಲಕ್ಕಂಡು ಬಾ’ ಅಂದ ಇವ್ನು. ಮಾಸ್ಕ್ ಹಾಕ್ಕಂಡು ಹೋದೆ. ಇವ್ನಿಗೆ ಸಕ್ಕರೆ ಕಾಯಿಲೆ ಅನ್ನೋದು ನಂಗೆ ಅವತ್ತೇ ಗೊತ್ತಾಗಿದ್ದು. ಹಿಂದಿನ ದಿನದ ತಂಕ ಅಚ್ಚಚ್ಚು ಬೆಲ್ಲ ತಿಂತಿದ್ದ ನನ್ಮಗ.”

“ಒಳಗೆ ಭಯ ಆಗ್ಲಿಲ್ವಾ?” ಎಂದ ಫಕ್ರುದ್ದೀನ್, ತಡೆಯಲಾರದೆ.

“ಭಯ? ಕಿವಿಗೆ ಹತ್ತಿ ಇಟ್ರು, ಹೊದಿಕೆ ಹೊದಿಸಿದ್ರು. ಟಕಟಕ, ಧಡಧಡ ಅಂತಿತ್ತು. ಕುರಿ ಕೂಗಲ್ಲ, ನಾಯಿ ಬೊಗಳಲ್ಲ. ಅಂಥ ನಿದ್ದೆ ನಾನು ಹುಟ್ಟಿದಾಗ್ಲಿಂದ ಮಾಡಿಲ್ಲ. ಇನ್ನೊಂದ್ಸಲ ಕರೆದ್ರೂ ಹೋಗ್ತಿದ್ದೆ.” ಅವನ ದನಿ ಇಳಿಯಿತು. “ಹುಡುಗಿ ವಿಚಾರ ಸುಳ್ಳಾ ಅಂಗಾದ್ರೆ?”

ಕಾವೇರಮ್ಮನಿಗೆ ನಿಜಕ್ಕೂ ಕರುಳು ಚುರ್ ಎಂದಿತು. “ಮೊದ್ಲು ಕಲ್ಲು ತೆಗೆಸ್ಕ. ಆಮೇಲೆ ನಾನೇ ಹುಡುಕ್ತೀನಿ. ಮಾತು ಕೊಟ್ಟಿದ್ದೀನಿ.”

ಆಮೇಲೆ ಬಾಲರಾಜುವಿನ ಕಡೆ ತಿರುಗಿ ಸೆರಗು ಸಿಕ್ಕಿಸಿದಳು.

“ಏನಪ್ಪ ಶೂರ? ಎರಡು ಸಲ ಮಲಗೆದ್ದು ಬಂದೋನಿಗೆ ಮೂರನೇ ಸಲ ಏನಾಯ್ತು?”

“ಎರಡು ಸಲ ಹೆದರಿದ್ದು ಸಾಕಾಯ್ತು ಕಣವ್ವ,” ಎಂದ ಬಾಲರಾಜು ನೆಲ ನೋಡುತ್ತ.

“ಸೋಮವಾರಕ್ಕೆ ನಿನ್ನ ಮಾತ್ರೆ ನಿಲ್ಲಿಸ್ತಾರೆ. ಒಳಗೆ ಬುಟ್ಟಿರೋ ಜೀವ ಎಲ್ಲ ಸಾಯ್ತವೆ. ಆ ಡಾಕ್ಟರ್ ಹುಡುಗಿ ನಿನಗೋಸ್ಕರ ನಿದ್ದೆಗೆಟ್ಟು ಕೂತವ್ಳೆ. ಗೊತ್ತಾ?”

“ಮಾತ್ರೆ ನಿಲ್ಲಿಸ್ತಾರಾ?” ಕೇಳಿದ್ದು ಬಾಲರಾಜು ಅಲ್ಲ, ಜಯಶೀಲ. ಅವಳ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

“ನಿಲ್ಲಿಸ್ದೆ? ಈಗ್ಲೇ ಹೊರಡಿ. ವ್ಯಾನ್ ಐತೆ.”

ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನಾಳೆ ಬತ್ತೀನಿ,” ಎಂದ ಬಾಲರಾಜು. “ಸತ್ಯವಾಗ್ಲೂ ಬತ್ತೀನಿ.”

ಕಾವೇರಮ್ಮನಿಗೆ ಅಷ್ಟು ಸಾಕಾಯಿತು. ಮುಖವಿಲ್ಲದ ಹೊಟ್ಟೆಯೊಂದನ್ನು ಒಂದೇ ಮಧ್ಯಾಹ್ನದಲ್ಲಿ, ಒಂದೇ ಸಮೋಸದಲ್ಲಿ ಹಿಡಿದು ಹಾಕಿದ್ದಳು. ರಾಮನಗರದಿಂದ ಮಾಗಡಿಯವರೆಗೆ ಇಂಥ ಕೆಲಸ ಮಾಡಿದವರು ಯಾರಿದ್ದಾರೆ? ಅವಳು ಮೊಬೈಲ್ ಹೊರತೆಗೆದಳು.

“ನಿಂತ್ಕ ಇಲ್ಲಿ. ಡಾಕ್ಟರಿಗೊಂದು ಫೋಟೋ ಕಳಿಸ್ತೀನಿ. ಅವ್ರಿಗೂ ಧೈರ್ಯ ಬರಲಿ.”

ಬಾಲರಾಜು ಹಾವು ತುಳಿದವನಂತೆ ಹಿಂದಕ್ಕೆ ಸರಿದ. “ಫೋಟೋ ಗೀಟೋ ಬ್ಯಾಡ. ಹುಳ ಇದ್ದಾಗ ಫೋಟೋ ತೆಗೆದ್ರೆ ದೃಷ್ಟಿಯಾಯ್ತದೆ.”

“ನಾನು ತೆಗೀತಿರೋದು ನಿನ್ನ ಮುಖಾನ, ಹುಳದ್ದಲ್ಲ.”

ಅವನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವಳು ಒತ್ತಿಬಿಟ್ಟಿದ್ದಳು. ಅರ್ಧ ತೆರೆದ ಬಾಯಿ, ಅಗಲವಾದ ಕಣ್ಣು. ಅಷ್ಟೇನೂ ಚೆನ್ನಾಗಿ ಬಂದಿರಲಿಲ್ಲ, ಆದರೆ ಗುರುತಿಗೆ ಮೋಸವಿರಲಿಲ್ಲ. ಕೆಳಗೆ ಬರೆದಳು: ‘ನಿಮ್ಮ ಪೇಷಂಟ್ ಸಿಕ್ಕಿದ್ರು. ನಾಳೆ ಕರೆತರುತ್ತೇನೆ.’

ಮರುಗಳಿಗೆಯಲ್ಲೇ ಫೋನ್ ಬಡಿದುಕೊಂಡಿತು. ಕಾವೇರಮ್ಮ ಹೊಗಳಿಕೆಯನ್ನು ನಾಲ್ಕು ಜನ ಕೇಳಲೆಂದು ಸ್ಪೀಕರ್ ಹಾಕಿದಳು.

“ಕಾವೇರಮ್ಮ, ಫೋಟೋ ಬಂತು,” ಮಹೀನ್ ದನಿಯಲ್ಲಿ ಹೊಗಳಿಕೆ ಇರಲಿಲ್ಲ. “ಇವರು ಯಾರು?”

“ಯಾರು ಅಂದ್ರೆ? ಬಾಲರಾಜು!”

“ಅಲ್ಲ. ಕೋಶಗಳನ್ನ ಸೇರಿಸುವಾಗ ನಾನು ಬಾಲರಾಜು ಅವರ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮುಖ ನಿದ್ದೆಯಲ್ಲೂ ಗುರುತು ಹಿಡೀತೀನಿ. ಈ ಮನುಷ್ಯರನ್ನ ನಾನು ಯಾವತ್ತೂ ನೋಡಿಲ್ಲ.”

ಫಕ್ರುದ್ದೀನ್ ಬಾಯಿಗೆ ಕೊಂಡೊಯ್ಯುತ್ತಿದ್ದ ಸಮೋಸ ಗಾಳಿಯಲ್ಲೇ ನಿಂತಿತು. ಬೀರಯ್ಯ ಪಕ್ಕೆ ಹಿಡಿದುಕೊಂಡೇ ನಿಧಾನವಾಗಿ ಗೆಳೆಯನ ಕಡೆ ಹೊರಳಿದ.

“ಲೇ ಬಾಲ, ಅಂಗಾದ್ರೆ ನಾನು ಮಲಗಿದ್ದು ಯಾರ ಬದಲಿಗ್ಲಾ?”

ಬಾಲರಾಜುವಿನ ಕಣ್ಣು ಹುಳುಮನೆಯ ಬಾಗಿಲ ಕಡೆ ಹೋಯಿತು. ಜಯಶೀಲ ಹುಳುಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಅಡ್ಡ ನಿಂತಳು. ಅಚ್ಚಚ್ಚು ಬೆಲ್ಲ ತಿನ್ನುವ ಇವನ ಹೆಸರಿನಲ್ಲಿ ಆಸ್ಪತ್ರೆಗೆ ಹೋಗಿಬಂದ ರೋಗಿ ಬೇರೆಯೇ ಇದ್ದಾನೆಂದು ಕಾವೇರಮ್ಮನಿಗೆ ಆಗ ಹೊಳೆಯಿತು. ಜಗಲಿಯ ಮೇಲಿದ್ದವರು ಐದೇ ಜನ.

ಮುಚ್ಚಿದ ಬಾಗಿಲ ಹಿಂದೆ, ಸೊಪ್ಪು ಮೇಯುವ ಸದ್ದಿನ ನಡುವೆ, ಯಾರೋ ಕೆಮ್ಮಿದರು.